ಗಾಳಿಯ ಋಣ

ಭಾಗಮಂಡಲದ ಕಡೆಯ ಹಳೆಯ ಮನೆಗಳಲ್ಲಿ ಮೇ ತಿಂಗಳ ಕೊನೆಯ ವಾರ ಬಂತೆಂದರೆ ಒಂದು ಕೆಲಸ ತಪ್ಪುವುದಿಲ್ಲ. ಪಡುವಣ ಜಗಲಿಗೆ ಅಡಿಕೆ ದಬ್ಬೆಯ ತಟ್ಟಿಯನ್ನೋ, ಈಚಿನ ವರ್ಷಗಳಲ್ಲಾದರೆ ನೀಲಿ ಟಾರ್ಪಾಲನ್ನೋ ಬಿಗಿಯಾಗಿ ಕಟ್ಟಬೇಕು. ಕಟ್ಟದಿದ್ದರೆ ಜೂನ್‌ನ ಗಾಳಿ ಮಳೆಯನ್ನು ಅಡ್ಡಡ್ಡಲಾಗಿ ತಂದು ನಡುಮನೆಯವರೆಗೂ ಎರಚುತ್ತದೆ. ನಮ್ಮಲ್ಲಿ ಮಳೆಯನ್ನು ಇಂದಿಗೂ ಇಂಚಿನಲ್ಲೇ ಲೆಕ್ಕ ಹಾಕುತ್ತಾರೆ, ವರ್ಷಕ್ಕೆ 200 ಇಂಚು ದಾಟಿದರೆ ಯಾರೂ ಹುಬ್ಬೇರಿಸುವುದಿಲ್ಲ. ಆದರೂ ನನ್ನ ಬಾಲ್ಯದ ನೆನಪಿನಲ್ಲಿ ಮಳೆಗಿಂತ ಗಾಳಿಯೇ ಗಟ್ಟಿಯಾಗಿ ಉಳಿದಿದೆ. ಬ್ರಹ್ಮಗಿರಿಯ ಮೇಲಿಂದ ಆ ಗಾಳಿ ಇಳಿದ ದಿನವೇ ಅಪ್ಪನಿಗೆ ಉಬ್ಬಸ ಶುರುವಾಗುತ್ತಿತ್ತು.

ತಟ್ಟಿ ಕಟ್ಟುವಾಗ ಅಪ್ಪ ಕೆಳಗೆ ನಿಂತು ಹೇಳುತ್ತಿದ್ದ ಮಾತೊಂದಿತ್ತು. “ವಾಯವ್ಯದ ಮೂಲೆಯಲ್ಲಿ ಒಂದು ಗೇಣು ಬಿಡು ಮಾರಾಯ, ಅದು ಅವನ ಮೂಲೆ.” ಎಂಟು ದಿಕ್ಕುಗಳಲ್ಲಿ ವಾಯವ್ಯಕ್ಕೆ ವಾಯುವೇ ಒಡೆಯ. ಗಾಳಿಗೆ ಹೋಗಲು ದಾರಿ ಬಿಟ್ಟರೆ ತಟ್ಟಿ ಹರಿಯುವುದಿಲ್ಲ ಎಂಬ ಲೋಕಜ್ಞಾನವೂ ಆ ಮಾತಿನಲ್ಲಿತ್ತು. ಆದರೆ ಅಪ್ಪ ಅದನ್ನು ಹೇಳುತ್ತಿದ್ದ ಬಗೆ, ಮನೆಗೆ ಬರುವ ಹಿರಿಯರೊಬ್ಬರಿಗೆ ಮಣೆ ಹಾಕಿಡಿ ಎಂದು ಹೇಳುವ ಹಾಗಿತ್ತು. ತನ್ನನ್ನು ಇಷ್ಟು ಕಾಡುವ ಗಾಳಿಯ ಬಗ್ಗೆ ಅವರಿಗೆ ಆ ಗೌರವ ಎಲ್ಲಿಂದ ಬಂತು ಎಂಬುದು ನನಗೆ ಅರ್ಥವಾಗಲು ಬಹಳ ವರ್ಷ ಹಿಡಿಯಿತು.

ಅಪ್ಪ ದಿನವೂ ಸಂಧ್ಯಾವಂದನೆ ಮಾಡುತ್ತಿದ್ದರು. ಅದರಲ್ಲಿ ಪ್ರಾಣಾಯಾಮಕ್ಕೆ ಒಂದು ಕಟ್ಟುನಿಟ್ಟಾದ ಅಳತೆಯಿದೆ. ಪ್ರಣವ, ವ್ಯಾಹೃತಿಗಳು, ಗಾಯತ್ರಿ, ಅದರ ಶಿರೋಮಂತ್ರ ಇಷ್ಟನ್ನೂ ಸೇರಿಸಿ, ಉಸಿರನ್ನು ಹಿಡಿದಿಟ್ಟುಕೊಂಡು ಮೂರು ಬಾರಿ ಮನಸ್ಸಿನಲ್ಲಿ ಹೇಳಿದರೆ ಒಂದು ಪ್ರಾಣಾಯಾಮ. ಬೇಸಿಗೆಯಲ್ಲಿ ಅವರಿಗೆ ಇದು ಹೇಗೋ ಸಾಗುತ್ತಿತ್ತು. ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಒಂದು ಗಾಯತ್ರಿ ಮುಗಿಯುವ ಮೊದಲೇ ಮೂಗಿನ ಮೇಲಿನ ಬೆರಳು ಜಾರಿಬಿಡುತ್ತಿತ್ತು. ದಿನದಲ್ಲಿ ಮೊದಲು ಮಾಡಬೇಕಾದ ಕರ್ಮವೇ ತನ್ನಿಂದಾಗುವುದಿಲ್ಲ ಎಂಬ ಕೊರಗು ಅವರಿಗೆ ನಡುವಯಸ್ಸಿನವರೆಗೂ ಇತ್ತಂತೆ. ಅದನ್ನು ಕಳೆದವರು ನಮ್ಮ ಮನೆಗೆ ಶ್ರಾದ್ಧಕ್ಕೆಂದು ಬರುತ್ತಿದ್ದ ವೃದ್ಧ ಪುರೋಹಿತರು. “ಹಿಡಿಯಲಾಗದಿದ್ದರೆ ಬಿಡು, ಸುಮ್ಮನೆ ಉಸಿರಾಡು. ಅದೂ ವ್ರತವೇ, ಬೃಹದಾರಣ್ಯಕದಲ್ಲಿ ಹೇಳಿದೆ,” ಎಂದು ಅವರು ಹೇಳಿದ್ದನ್ನು ಅಪ್ಪ ನಮಗೆ ಎಷ್ಟು ಬಾರಿ ಹೇಳಿದ್ದಾರೋ ಲೆಕ್ಕವಿಲ್ಲ.

ಆ ಭಾಗವನ್ನು ನಾನು ಮುಂದೆ ಹುಡುಕಿ ಓದಿದೆ. ಬೃಹದಾರಣ್ಯಕ ಉಪನಿಷತ್ತಿನ ಮೊದಲ ಅಧ್ಯಾಯದಲ್ಲಿ ಅದು ಬರುತ್ತದೆ. ಇಂದ್ರಿಯಗಳು ಒಂದೊಂದೂ ಪಣ ತೊಡುತ್ತವೆ. ಮಾತು ‘ನಾನು ಆಡುತ್ತಲೇ ಇರುತ್ತೇನೆ’ ಎನ್ನುತ್ತದೆ, ಕಣ್ಣು ‘ನೋಡುತ್ತಲೇ ಇರುತ್ತೇನೆ’ ಎನ್ನುತ್ತದೆ, ಕಿವಿ ‘ಕೇಳುತ್ತಲೇ ಇರುತ್ತೇನೆ’ ಎನ್ನುತ್ತದೆ. ಆಗ ಮೃತ್ಯುವು ಆಯಾಸದ ರೂಪದಲ್ಲಿ ಬಂದು ಅವನ್ನೆಲ್ಲ ಹಿಡಿಯುತ್ತದೆ. ಆದ್ದರಿಂದಲೇ ಮಾತು ಬಳಲುತ್ತದೆ, ಕಣ್ಣು ಬಳಲುತ್ತದೆ, ಕಿವಿ ಬಳಲುತ್ತದೆ. ನಡುವಿನ ಪ್ರಾಣವೊಂದನ್ನು ಮಾತ್ರ ಅದಕ್ಕೆ ಹಿಡಿಯಲಾಗಲಿಲ್ಲ. ದೇವತೆಗಳಲ್ಲಿಯೂ ಹಾಗೆಯೇ ಎಂದು ಉಪನಿಷತ್ತು ಮುಂದುವರಿಸುತ್ತದೆ. ಉಳಿದವರೆಲ್ಲ ಅಸ್ತರಾಗುತ್ತಾರೆ, ವಾಯು ಆಗುವುದಿಲ್ಲ. ‘ಸೈಷಾನಸ್ತಮಿತಾ ದೇವತಾ ಯದ್ವಾಯುಃ’, ಮುಳುಗದ ದೇವತೆ ಎಂದರೆ ಇವನೇ. ಇಷ್ಟನ್ನು ಹೇಳಿದ ಮೇಲೆ ಆ ವಾಕ್ಯ ಬರುತ್ತದೆ: ‘ತಸ್ಮಾದೇಕಮೇವ ವ್ರತಂ ಚರೇತ್, ಪ್ರಾಣ್ಯಾಚ್ಚೈವಾಪಾನ್ಯಾಚ್ಚ.’ ಆದ್ದರಿಂದ ಒಂದೇ ವ್ರತವನ್ನು ನಡೆಸಬೇಕು, ಉಸಿರನ್ನು ತೆಗೆದುಕೊಳ್ಳಬೇಕು, ಬಿಡಬೇಕು.

ಉಪವಾಸವಿಲ್ಲ, ನಿಯಮವಿಲ್ಲ, ಮಡಿಯಿಲ್ಲ. ಹುಟ್ಟಿದ ಮಗುವೂ ನಡೆಸುತ್ತಿರುವ, ನಿದ್ದೆಯಲ್ಲಿಯೂ ಭಂಗವಾಗದ ವ್ರತ ಇದು. ಆರೋಗ್ಯವಂತನಿಗೆ ಈ ವಾಕ್ಯ ತೀರ ಸುಲಭದ್ದಾಗಿ ಕಾಣುತ್ತದೆ. ಅದರ ತೂಕ ಗೊತ್ತಾಗಬೇಕಾದರೆ ಉಬ್ಬಸದವರ ಪಕ್ಕದಲ್ಲಿ ಒಂದು ರಾತ್ರಿ ಕೂತಿರಬೇಕು.

ಅಪ್ಪ ಮಲಗುತ್ತಿರಲಿಲ್ಲ. ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು, ಎರಡೂ ಅಂಗೈಗಳನ್ನು ಮೊಣಕಾಲಿನ ಮೇಲೆ ಊರಿ, ಮುಂದಕ್ಕೆ ಬಾಗಿ ಕೂರುತ್ತಿದ್ದರು. ಪ್ರತಿ ಉಸಿರಿಗೂ ಹೆಗಲೆರಡೂ ಕಿವಿಯವರೆಗೆ ಏರುತ್ತಿದ್ದವು, ಕೊರಳ ನರಗಳು ಹಗ್ಗದಂತೆ ಸೆಟೆಯುತ್ತಿದ್ದವು, ಕತ್ತಿನ ಬುಡದ ಗುಳಿ ಒಳಕ್ಕೆ ಸೇದಿಕೊಳ್ಳುತ್ತಿತ್ತು. ಎದೆಯೊಳಗಿಂದ ಮುಚ್ಚಿದ ಕಿಟಕಿಯ ಸಂದಿನಲ್ಲಿ ಗಾಳಿ ನುಗ್ಗಿದಂಥ ಸಿಳ್ಳು. ಮಾತನಾಡಿಸಿದರೆ ಎರಡೆರಡು ಪದಕ್ಕೆ ನಿಲ್ಲುತ್ತಿದ್ದರು, ಆಮೇಲೆ ಅದೂ ಇಲ್ಲ. ಕಣ್ಣು ತೆರೆದೇ ಇದ್ದರೂ ಯಾರನ್ನೂ ನೋಡುತ್ತಿರಲಿಲ್ಲ. ಕರೆದರೆ ಕೇಳಿಸುತ್ತಿತ್ತೋ ಇಲ್ಲವೋ.

ಛಾಂದೋಗ್ಯದಲ್ಲಿಯೂ ಬೃಹದಾರಣ್ಯಕದಲ್ಲಿಯೂ ಬರುವ ಕಥೆಯೊಂದು ನನಗೆ ಅರ್ಥವಾದದ್ದು ಅಂಥ ರಾತ್ರಿಗಳಲ್ಲಿ. ನಮ್ಮಲ್ಲಿ ಯಾರು ಶ್ರೇಷ್ಠರು ಎಂದು ಇಂದ್ರಿಯಗಳು ಜಗಳವಾಡಿಕೊಂಡು ಪ್ರಜಾಪತಿಯ ಬಳಿ ಹೋಗುತ್ತವೆ. ಯಾರು ಹೊರಟುಹೋದರೆ ಶರೀರ ತೀರ ಕೆಟ್ಟ ಸ್ಥಿತಿಗೆ ಬರುತ್ತದೋ ಅವರೇ ಶ್ರೇಷ್ಠರು ಎಂದು ಅವನು ತೀರ್ಪು ಕೊಡುತ್ತಾನೆ. ಮಾತು ಒಂದು ವರ್ಷ ಹೊರಗಿದ್ದು ಬರುತ್ತದೆ, ಮೂಕರು ಬದುಕುವಂತೆ ಉಳಿದವರು ಬದುಕಿರುತ್ತಾರೆ. ಕಣ್ಣು ಹೋಗಿ ಬರುತ್ತದೆ, ಕಿವಿ ಹೋಗಿ ಬರುತ್ತದೆ, ಮನಸ್ಸೂ ಹೋಗಿ ಬರುತ್ತದೆ. ಕೊನೆಗೆ ಪ್ರಾಣ ಹೊರಡಲು ಎದ್ದಾಗ, ಒಳ್ಳೆಯ ಕುದುರೆಯು ಕಾಲಿಗೆ ಕಟ್ಟಿದ ಗೂಟಗಳನ್ನು ಕಿತ್ತುಕೊಂಡು ಏಳುವ ಹಾಗೆ, ಅದು ಉಳಿದ ಎಲ್ಲವನ್ನೂ ಬುಡಸಮೇತ ಕಿತ್ತಿತು. ಆಗ ಎಲ್ಲವೂ ಓಡಿಬಂದು ಕೈಮುಗಿದವು: ‘ಮೋತ್ಕ್ರಮೀಃ’, ಹೊರಡಬೇಡ. ಉಬ್ಬಸ ಏರಿದ ದೇಹದಲ್ಲಿ ನಡೆಯುವುದೂ ಇದೇ. ಮಾತು, ನೋಟ, ಕೇಳ್ಮೆ ಎಲ್ಲವೂ ತಮ್ಮ ತಮ್ಮ ಕೆಲಸ ಬಿಟ್ಟು ಬಂದು ಒಂದು ಉಸಿರಿನ ಬಾಗಿಲಲ್ಲಿ ನಿಂತಿರುತ್ತವೆ.

ಮಡಿಕೇರಿಯಲ್ಲಿ ಅಪ್ಪನನ್ನು ನೋಡುತ್ತಿದ್ದ ವೈದ್ಯರು ಒಮ್ಮೆ ಹೇಳಿದ ಮಾತು ನನ್ನ ತಿಳಿವಳಿಕೆಯನ್ನೇ ತಿರುಗಿಸಿತು. ಇವರಿಗೆ ಗಾಳಿ ಸಿಗುತ್ತಿಲ್ಲ ಎಂದೇ ನಾವು ತಿಳಿದಿದ್ದೆವು. ಅವರೆಂದರು, “ಗಾಳಿ ಒಳಗೆ ಹೋಗುತ್ತದೆ. ಹೊರಗೆ ಬರುವುದೇ ಕಷ್ಟ. ಕೊಳವೆಗಳು ಕಿರಿದಾಗಿರುತ್ತವೆ, ಉಸಿರು ಬಿಡುವಾಗ ಇನ್ನಷ್ಟು ಕಿರಿದಾಗುತ್ತವೆ. ಹಳೆಯ ಗಾಳಿ ಒಳಗೇ ಸಿಕ್ಕಿಬೀಳುತ್ತದೆ, ಹೊಸದಕ್ಕೆ ಜಾಗ ಎಲ್ಲಿ?” ಆ ಸಿಳ್ಳೂ ಹೆಚ್ಚಾಗಿ ಬಿಡುವ ಉಸಿರಿನದ್ದೇ ಎಂದು ನಾನು ಅಂದಿನಿಂದ ಗಮನಿಸಿದೆ. ತೆಗೆದುಕೊಂಡದ್ದನ್ನು ಹಿಂದಕ್ಕೆ ಕೊಡಲಾಗದೆ ಇರುವುದೇ ಅಪ್ಪನ ಕಾಯಿಲೆಯಾಗಿತ್ತು.

ಗೀತೆಯ ನಾಲ್ಕನೆಯ ಅಧ್ಯಾಯದ ‘ಅಪಾನೇ ಜುಹ್ವತಿ ಪ್ರಾಣಂ ಪ್ರಾಣೇಽಪಾನಂ’ ಎಂಬ ಮಾತನ್ನು ನಾನು ಆಮೇಲೆಯೇ ಸರಿಯಾಗಿ ಓದಿದೆ ಎನ್ನಬೇಕು. ಪ್ರಾಣವನ್ನು ಅಪಾನದಲ್ಲಿ, ಅಪಾನವನ್ನು ಪ್ರಾಣದಲ್ಲಿ ಹೋಮ ಮಾಡುತ್ತಾರೆ ಎಂದು ಅದರ ಅರ್ಥ. ಅಲ್ಲಿ ಒಂದು ಉಸಿರು ಇನ್ನೊಂದಕ್ಕೆ ಹವಿಸ್ಸು, ಇನ್ನೊಂದು ಮೊದಲನೆಯದಕ್ಕೆ. ಬೆಂಕಿಗೆ ಹಾಕಿದ ತುಪ್ಪವನ್ನು ಯಾರೂ ಹಿಡಿದಿಟ್ಟುಕೊಳ್ಳುವುದಿಲ್ಲವಷ್ಟೆ. ಈ ಬರಹದಲ್ಲಿ ನನಗೆ ಹೇಳಬೇಕೆನಿಸಿರುವುದು ಮುಖ್ಯವಾಗಿ ಇದನ್ನೇ: ನಮ್ಮ ಹಳೆಯ ಗ್ರಂಥಗಳು ಉಸಿರನ್ನು ನಮ್ಮ ಸ್ವತ್ತು ಎಂದು ಎಲ್ಲಿಯೂ ಭಾವಿಸಿಲ್ಲ. ಹೊರಗಿನ ಗಾಳಿಯೇ ಬಂದು ಒಂದು ಗಳಿಗೆ ನಮ್ಮಲ್ಲಿ ತಂಗಿ ಹೋಗುತ್ತದೆ ಎಂದೇ ಅವು ತಿಳಿದಿವೆ.

ಇದು ಬರಿಯ ಹೋಲಿಕೆಯಲ್ಲ ಎಂಬುದಕ್ಕೆ ಪದಗಳೇ ಸಾಕ್ಷಿ. ‘ಪ್ರಾಣ’ ಎಂಬುದರ ಮೂಲ ‘ಅನ್’ ಎಂಬ ಧಾತು, ಉಸಿರಾಡು ಎಂದರ್ಥ. ಗಾಳಿಗಿರುವ ‘ಅನಿಲ’ ಎಂಬ ಹೆಸರೂ ಅದೇ ಧಾತುವಿನಿಂದ ಬಂದಿದೆ, ಉಸಿರಾಡುವವನು ಎಂದು. ‘ಆತ್ಮ’ ಎಂಬ ಪದಕ್ಕೆ ಋಗ್ವೇದದಲ್ಲಿ ಉಸಿರು ಎಂಬ ಅರ್ಥವೂ ಇದೆ. ಪುರುಷಸೂಕ್ತ ‘ಪ್ರಾಣಾದ್ವಾಯುರಜಾಯತ’ ಎನ್ನುತ್ತದೆ, ವಿರಾಟ್ ಪುರುಷನ ಉಸಿರಿನಿಂದಲೇ ವಾಯು ಹುಟ್ಟಿತು. ಕನ್ನಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ ಎಂದು ನನಗನ್ನಿಸುತ್ತದೆ. ನಮ್ಮಲ್ಲಿ ‘ಉಸಿರು’ ಎಂದರೆ ಶ್ವಾಸವೂ ಹೌದು, ‘ಉಸುರು’ ಎಂದರೆ ಹೇಳು ಎಂದೂ ಹೌದು. ಹಳಗನ್ನಡದಲ್ಲಿ ಎರಡಕ್ಕೂ ‘ಉಸಿರ್’ ಒಂದೇ. ‘ಯಾರ ಹತ್ತಿರವೂ ಉಸಿರೆತ್ತಬೇಡ’ ಎಂದು ಅಮ್ಮ ಹೇಳಿದರೆ ಮಾತಾಡಬೇಡ ಎಂದು ಅರ್ಥ. ಮಾತು ಎಂದರೆ ರೂಪ ತಳೆದ ಉಸಿರು ಎಂಬುದನ್ನು ಈ ಭಾಷೆ ಯಾವ ಗ್ರಂಥದ ಹಂಗೂ ಇಲ್ಲದೆ ತಾನಾಗಿಯೇ ಕಂಡುಕೊಂಡಿದೆ. ಎರಡು ಪದಕ್ಕೊಮ್ಮೆ ನಿಲ್ಲುತ್ತಿದ್ದ ಅಪ್ಪನ ಮಗನಾದ ನನಗೆ ಇದು ವ್ಯಾಕರಣದ ಸಂಗತಿಯಾಗಿ ಮಾತ್ರ ಉಳಿದಿಲ್ಲ.

ಗಾಳಿಯನ್ನು ಗಾಳಿಯಾಗಿಯೇ ಕಂಡು ಸ್ತುತಿಸಿದ ಎರಡು ಪುಟ್ಟ ಸೂಕ್ತಗಳು ಋಗ್ವೇದದ ಹತ್ತನೆಯ ಮಂಡಲದಲ್ಲಿವೆ. ಒಂದರಲ್ಲಿ ವಾತನು ರಥದಂತೆ ಗುಡುಗುತ್ತ, ಮುರಿಯುತ್ತ, ಧೂಳೆಬ್ಬಿಸುತ್ತ ಬರುತ್ತಾನೆ. ‘ಘೋಷಾ ಇದಸ್ಯ ಶೃಣ್ವಿರೇ ನ ರೂಪಂ’, ಅವನ ಸದ್ದು ಕೇಳುತ್ತದೆ, ರೂಪ ಕಾಣುವುದಿಲ್ಲ. ಇನ್ನೊಂದರಲ್ಲಿ ಅದೇ ವಾತನನ್ನು ಮದ್ದು ಹೊತ್ತು ತಾ ಎಂದು ಕೇಳಿಕೊಳ್ಳುತ್ತಾರೆ. ನೀನು ನಮ್ಮ ತಂದೆ, ನಮ್ಮ ಸಹೋದರ, ನಮ್ಮ ಸಖ, ನಿನ್ನ ಮನೆಯಲ್ಲಿ ಅಮೃತದ ನಿಧಿಯಿದೆ, ಅದರಿಂದ ನಮಗೆ ಬದುಕಲು ಕೊಡು ಎನ್ನುತ್ತಾರೆ. ಮುರಿಯುವವನೂ ಮದ್ದು ತರುವವನೂ ಒಬ್ಬನೇ ಎಂಬುದು ಮೊದಲ ಓದಿಗೆ ವಿರೋಧವೆನಿಸೀತು. ಕೊಡಗಿನಲ್ಲಿ ಮುಂಗಾರನ್ನು ಕಂಡವರಿಗೆ ಅನಿಸಲಾರದು. ತೋಟದಲ್ಲಿ ಮರ ಉರುಳಿಸಿ, ವಾರಗಟ್ಟಲೆ ಕರೆಂಟು ಕಿತ್ತು, 2018ರ ಆಗಸ್ಟ್‌ನಂಥ ಮಳೆಯಲ್ಲಿ ಗುಡ್ಡಗಳನ್ನೇ ಜಾರಿಸಿದ ಮೋಡಗಳನ್ನು ತಳ್ಳಿಕೊಂಡು ಬಂದದ್ದೂ ಇದೇ ಗಾಳಿ. ಕಾವೇರಿಗೆ ವರ್ಷದ ನೀರು ತಂದು ತುಂಬುವುದೂ ಇದೇ ಗಾಳಿ.

ತಲಕಾವೇರಿ ನಮ್ಮಿಂದ ದೂರವಲ್ಲ, ಭಾಗಮಂಡಲದಿಂದ ಎಂಟು ಕಿಲೋಮೀಟರ್. ಅಲ್ಲಿಂದ ಮೆಟ್ಟಿಲು ಹತ್ತಿ ಬ್ರಹ್ಮಗಿರಿಯ ನೆತ್ತಿಗೆ ಹೋದರೆ ಮರಗಳಿಲ್ಲ, ಬರಿಯ ಹುಲ್ಲು. ಚಿಕ್ಕಂದಿನಲ್ಲಿ ತುಲಾ ಸಂಕ್ರಮಣದ ತೀರ್ಥೋದ್ಭವ ಮುಗಿಸಿ ಮೇಲೆ ಹತ್ತಿದಾಗ ಅಪ್ಪ ಅಲ್ಲಿ ಕೂತು, ಒಂದು ಹುಲ್ಲುಕಡ್ಡಿ ಕಿತ್ತು ನನ್ನ ಅಂಗೈ ಮೇಲಿಟ್ಟು ಕೇನೋಪನಿಷತ್ತಿನ ಕಥೆ ಹೇಳಿದ್ದರು. ಗೆದ್ದ ಹೆಮ್ಮೆಯಲ್ಲಿದ್ದ ದೇವತೆಗಳ ಎದುರಿಗೆ ಯಕ್ಷನೊಬ್ಬ ಕಾಣಿಸಿಕೊಳ್ಳುತ್ತಾನೆ. ವಾಯು ಓಡಿಹೋಗಿ, ‘ನಾನು ಮಾತರಿಶ್ವ, ಭೂಮಿಯ ಮೇಲಿರುವ ಏನನ್ನು ಬೇಕಾದರೂ ಎತ್ತಿಕೊಂಡು ಹೋಗಬಲ್ಲೆ’ ಎನ್ನುತ್ತಾನೆ. ಯಕ್ಷ ಒಂದು ಹುಲ್ಲುಕಡ್ಡಿ ಇಟ್ಟು ಇದನ್ನು ತೆಗೆದುಕೊ ಎನ್ನುತ್ತಾನೆ. ವಾಯು ತನ್ನೆಲ್ಲ ವೇಗದಿಂದ ಎರಗಿದರೂ ಅದು ಅಲುಗುವುದಿಲ್ಲ. ಅಪ್ಪ ಕಥೆ ಮುಗಿಸುವಷ್ಟರಲ್ಲಿ ನನ್ನ ಅಂಗೈಯ ಕಡ್ಡಿ ಹಾರಿಹೋಗಿತ್ತು. ಸುತ್ತಲೂ ಇಡೀ ಬೆಟ್ಟದ ಹುಲ್ಲು ಒಂದೇ ಕಡೆಗೆ ಮಲಗಿ ಏಳುತ್ತಿತ್ತು. ಇಷ್ಟನ್ನೂ ಬಗ್ಗಿಸುವವನ ಬೆನ್ನ ಹಿಂದೆಯೂ ಬೇರೊಬ್ಬ ಇದ್ದಾನೆ ಎಂಬ ಮಾತು ಆ ಎತ್ತರದಲ್ಲಿ ಕೂತು ಕೇಳಿದ ಹುಡುಗನಿಗೆ ಸ್ವಲ್ಪ ಭಯವನ್ನೇ ಉಂಟುಮಾಡಿತ್ತು. ನಾಸದೀಯ ಸೂಕ್ತದ ‘ಆನೀದವಾತಂ’ ಎಂಬ ಪದವನ್ನು ಓದಿದಾಗಲೂ ನನಗೆ ಅದೇ ಭಯ ಮರಳಿತು. ಸೃಷ್ಟಿಗೆ ಮೊದಲು ಆ ಒಂದು, ಗಾಳಿಯೇ ಇಲ್ಲದೆ, ತನ್ನದೇ ಬಲದಿಂದ ಉಸಿರಾಡುತ್ತಿತ್ತು ಎನ್ನುತ್ತದೆ ಆ ಋಕ್ಕು.

ಕನ್ನಡನಾಡಿನಲ್ಲಿ ಈ ವಿಚಾರಕ್ಕೆ ಭಕ್ತಿಯ ಮೈಯೂ ಬಂದಿದೆ. ಹದಿಮೂರನೆಯ ಶತಮಾನದಲ್ಲಿ ಉಡುಪಿಯ ಮಧ್ವಾಚಾರ್ಯರ ಪರಂಪರೆ ವಾಯುವನ್ನು ಜೀವರಲ್ಲೆಲ್ಲ ಶ್ರೇಷ್ಠನೆಂದು ಕಂಡು, ಹನುಮ, ಭೀಮ, ಮಧ್ವ ಈ ಮೂವರನ್ನು ಅವನ ಅವತಾರಗಳೆಂದು ನಂಬಿತು. ಹನುಮನ ಗುಡಿಗೆ ಹೋಗುವಾಗ ‘ಮುಖ್ಯಪ್ರಾಣ ದೇವರಿಗೆ ಹೋಗಿ ಬರುತ್ತೇನೆ’ ಎಂದು ಕರಾವಳಿಯ ಜನ ಸಹಜವಾಗಿ ಹೇಳುತ್ತಾರೆ. ಎದೆಯಲ್ಲಿ ಆಡುವ ಉಸಿರಿನ ಹೆಸರೇ ಗುಡಿಯಲ್ಲಿ ನಿಂತ ಮೂರ್ತಿಯ ಹೆಸರೂ ಆಗಿರುವುದು ಎಷ್ಟು ದೊಡ್ಡ ಮಾತು ಎಂದು ನಾವು ನಿಂತು ಯೋಚಿಸುವುದಿಲ್ಲ. ವಚನಕಾರರ ದಾರಿ ಬೇರೆ. ಜೇಡರ ದಾಸಿಮಯ್ಯ ಭೂಮಿಯನ್ನೂ ಬೆಳೆಯನ್ನೂ ಸುಳಿದು ಬೀಸುವ ಗಾಳಿಯನ್ನೂ ಒಂದೇ ಸಾಲಿನಲ್ಲಿಟ್ಟು ಎಲ್ಲವೂ ಶಿವನ ದಾನ ಎಂದ. ತತ್ತ್ವಗಳು ಬೇರೆ ಬೇರೆಯಾದರೂ, ಪಡೆದವನು ತಾನು ಪಡೆದವನೆಂಬುದನ್ನು ಮರೆಯಬಾರದು ಎಂಬಲ್ಲಿ ಎರಡೂ ಕೂಡುತ್ತವೆ.

ಈಗಿನ ಯೋಗದ ಮಾತುಗಳಲ್ಲಿ ನನಗೆ ಕಸಿವಿಸಿಯಾಗುವುದು ಇಲ್ಲಿಯೇ. ಉಸಿರನ್ನು ಹತೋಟಿಗೆ ತೆಗೆದುಕೊಳ್ಳಿ, ನಿಮ್ಮ ಶಕ್ತಿಯನ್ನು ಹೆಚ್ಚಿಸಿಕೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ. ಪತಂಜಲಿಯೂ ಪ್ರಾಣಾಯಾಮವನ್ನು ಶ್ವಾಸಪ್ರಶ್ವಾಸಗಳ ಗತಿಯನ್ನು ತಡೆಯುವುದು ಎಂದೇ ಹೇಳಿದ್ದಾನೆ, ಅದನ್ನು ಅಲ್ಲಗಳೆಯುವ ಯೋಗ್ಯತೆ ನನಗಿಲ್ಲ. ಆದರೆ ಹಠಯೋಗಪ್ರದೀಪಿಕೆಯ ಎಚ್ಚರಿಕೆಯನ್ನೂ ಜೊತೆಯಲ್ಲಿ ಓದಬೇಕು. ಸಿಂಹ, ಆನೆ, ಹುಲಿಗಳನ್ನು ಮೆಲ್ಲಮೆಲ್ಲನೆ ಒಲಿಸಿಕೊಳ್ಳುವಂತೆ ವಾಯುವನ್ನು ಒಲಿಸಿಕೊಳ್ಳಬೇಕು, ಇಲ್ಲದಿದ್ದರೆ ಅದು ಸಾಧಕನನ್ನೇ ಕೊಲ್ಲುತ್ತದೆ ಎನ್ನುತ್ತದೆ ಅದು. ತೋಟಕ್ಕೆ ಆನೆ ನುಗ್ಗುವ ನಾಡಿನವರಾದ ನಮಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ದುಬಾರೆಯಲ್ಲಿ ಮಾವುತರು ಆನೆಯ ಕಿವಿಯ ಹಿಂದೆ ಕೈಯಾಡಿಸುತ್ತ, ಕಾವೇರಿಯಲ್ಲಿ ಮಲಗಿಸಿ ಮೈ ಉಜ್ಜುವುದನ್ನು ನೋಡಿದವರಿಗೆ, ಅಲ್ಲಿರುವುದು ಒಡೆತನಕ್ಕಿಂತ ಹೆಚ್ಚಾಗಿ ಒಡನಾಟ ಎಂದು ಗೊತ್ತು.

ಲೆಕ್ಕದ ಮಾತೊಂದು ನಮ್ಮಲ್ಲಿದೆ. ಹಗಲಿರುಳು ಸೇರಿ ಮನುಷ್ಯ 21,600 ಬಾರಿ ಉಸಿರಾಡುತ್ತಾನೆ, ಪ್ರತಿ ಉಸಿರೂ ‘ಹ’ಕಾರದಿಂದ ಹೊರಗೆ ಹೋಗಿ ‘ಸ’ಕಾರದಿಂದ ಒಳಗೆ ಬರುತ್ತ ಹಂಸ ಮಂತ್ರವನ್ನು ಜಪಿಸುತ್ತದೆ, ಅದೇ ಅಜಪಾ ಎಂದು ಯೋಗಗ್ರಂಥಗಳು ಹೇಳುತ್ತವೆ. ನಿಮಿಷಕ್ಕೆ 15ರಂತೆ ಗುಣಿಸಿದರೆ ಲೆಕ್ಕ ಸರಿಹೋಗುತ್ತದೆ. ಜಪಮಣಿ ಬೇಡ, ಮನಸ್ಸಿಡುವುದೂ ಬೇಡ, ಮರೆತರೂ ಎಣಿಕೆ ತಪ್ಪುವುದಿಲ್ಲ. ಅಪ್ಪ ಊಟಕ್ಕೆ ಕೂತಾಗ ಮೊದಲ ಐದು ತುತ್ತುಗಳನ್ನು ಪ್ರಾಣ, ಅಪಾನ, ವ್ಯಾನ, ಉದಾನ, ಸಮಾನ ಎಂಬ ಐದು ವಾಯುಗಳಿಗೆ ‘ಸ್ವಾಹಾ’ ಎಂದು ಅರ್ಪಿಸಿ, ಹಲ್ಲು ತಾಕಿಸದೆ ನುಂಗುತ್ತಿದ್ದರು. ನಾವು ಉಣ್ಣುವುದೂ ಒಳಗೆ ಕೂತವರಿಗೆ ಬಡಿಸಿದ ಮೇಲೆಯೇ.

ಮಾರ್ಚ್ ತಿಂಗಳಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಅರಳುತ್ತದೆ. ಬೆಳಗಾಗುವಷ್ಟರಲ್ಲಿ ಇಡೀ ತೋಟ ಬೆಳ್ಳಗಾಗಿ, ಮಲ್ಲಿಗೆಯನ್ನು ನೆನಪಿಸುವ ಕಂಪು ಅಂಗಳದ ತನಕ ಬರುತ್ತದೆ. ಎರಡು ಮೂರು ದಿನ, ಆಮೇಲೆ ಹೂ ಕಂದುತ್ತದೆ. ಅಂಥ ಒಂದು ಬೆಳಿಗ್ಗೆ, ಗಾಳಿ ಹಿತವಾಗಿದ್ದು ಉಸಿರು ಸರಾಗವಾಗಿದ್ದಾಗ, ಅಪ್ಪ ಗೀತೆಯ ಹದಿನೈದನೆಯ ಅಧ್ಯಾಯದ ಶ್ಲೋಕ ಹೇಳಿದರು. ಗಾಳಿಯು ಹೂವಿನಿಂದ ಕಂಪನ್ನು ಎತ್ತಿಕೊಂಡು ಹೋಗುವಂತೆ ಜೀವನು ಶರೀರವನ್ನು ಬಿಡುವಾಗ ಇಂದ್ರಿಯಗಳನ್ನೂ ಮನಸ್ಸನ್ನೂ ಎತ್ತಿಕೊಂಡು ಹೋಗುತ್ತಾನೆ, ‘ವಾಯುರ್ಗಂಧಾನಿವಾಶಯಾತ್’. ಹೇಳಿ ಸುಮ್ಮನಾಗದೆ ರೊಬಸ್ಟಾ ಗಿಡದ ಒಂದು ರೆಂಬೆಯನ್ನು ಬೆರಳಿನಿಂದ ತಟ್ಟಿದರು. ಎಳೆಬಿಸಿಲಿನಲ್ಲಿ ಕಣ್ಣಿಗೆ ಕಂಡೂ ಕಾಣದಷ್ಟು ಧೂಳಿನಂಥದು ಎದ್ದು ಸರಿದುಹೋಯಿತು. “ಗಂಧ ಒಂದನ್ನೇ ಅಲ್ಲ, ಮುಂದಿನ ಫಸಲನ್ನೂ ಇವನೇ ಹೊತ್ತುಕೊಂಡು ಹೋಗುವುದು,” ಎಂದರು. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ, ರೊಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕು, ಅದನ್ನು ತರುವವರು ಗಾಳಿ ಮತ್ತು ಜೇನು. ವ್ಯಾಖ್ಯಾನಗಳಲ್ಲಿ ನಾನು ಕಂಡಿರದ ಅರ್ಥವೊಂದು ಆ ಶ್ಲೋಕಕ್ಕೆ ಅಂದು ಸಿಕ್ಕಿತು. ಹೋಗುವಾಗ ಎತ್ತಿಕೊಂಡು ಹೋದದ್ದು ಎಲ್ಲೋ ಒಂದು ಕಡೆ ಇಳಿದು ಕಾಯಿ ಕಟ್ಟಲೇಬೇಕು.

ಅಪ್ಪ ಹೋದದ್ದು ಕಕ್ಕಡದಲ್ಲಿ. ಇನ್ನು ಮನೆಗೆ ಕರೆದುಕೊಂಡು ಹೋಗಬಹುದು ಎಂದು ವೈದ್ಯರು ಹೇಳಿದ ಮೇಲೆ, ಹಾಸಿಗೆಯ ಪಕ್ಕದಲ್ಲಿ ಆಮ್ಲಜನಕದ ಯಂತ್ರವನ್ನು ಇಟ್ಟಿದ್ದೆವು. ಕರೆಂಟು ನೆಚ್ಚುವ ಹಾಗಿರಲಿಲ್ಲವಾದ್ದರಿಂದ ಒಂದು ಸಿಲಿಂಡರ್ ಕೂಡ ಇತ್ತು. ಅದರ ಮೈಮೇಲೆ ‘ಅನಿಲ’ ಎಂದು ಬರೆದಿತ್ತು. ಆ ವೈದಿಕ ಪದ ಇಷ್ಟು ದೂರ ನಡೆದು ನಮ್ಮ ಕೋಣೆಗೆ ಬಂದು ಕೂತಿದೆಯಲ್ಲ ಎಂದು ನಾನು ಅದನ್ನೇ ನೋಡುತ್ತಿದ್ದೆ. ಹೊರಗೆ ಗಾಳಿ ಟಾರ್ಪಾಲನ್ನು ಪಟಪಟ ಬಡಿಯುತ್ತಿತ್ತು. ಗಡಿಯಾರ ಹಿಡಿದು ಉಸಿರು ಎಣಿಸಿದೆ. ಸಂಜೆ ನಿಮಿಷಕ್ಕೆ 34, ನಡುರಾತ್ರಿಗೆ 20, ಆಮೇಲೆ ನಡುನಡುವೆ ನಿಲ್ಲತೊಡಗಿತು, ನಿಂತು ಮತ್ತೆ ಬರುತ್ತಿತ್ತು. ಪ್ರತಿ ಬಿಡುವಿನಲ್ಲಿಯೂ ‘ಮೋತ್ಕ್ರಮೀಃ’ ಎಂಬ ಪದ ನನಗೆ ತಾನಾಗಿ ನೆನಪಾಗುತ್ತಿತ್ತು, ಬಾಯಿಬಿಟ್ಟು ಹೇಳಲಿಲ್ಲ. ತುಲಾ ಸಂಕ್ರಮಣದಂದು ತಂದಿಟ್ಟಿದ್ದ ಕಾವೇರಿ ತೀರ್ಥವನ್ನು ಅಮ್ಮ ಮೂರು ಹನಿ ಬಿಟ್ಟರು. ಪತ್ರಿಕೆಗಳಲ್ಲಿ ‘ಕೊನೆಯುಸಿರೆಳೆದರು’ ಎಂದು ಬರೆಯುತ್ತಾರೆ. ನಾನು ನೋಡಿದ್ದು ಎಳೆದದ್ದನ್ನಲ್ಲ, ಬಿಟ್ಟದ್ದನ್ನು. ಉದ್ದನೆಯ ಒಂದು ಉಸಿರು, ಸಿಳ್ಳಿಲ್ಲದೆ, ತಡೆಯಿಲ್ಲದೆ ಹೊರಗೆ ಹೋಯಿತು. ಜೀವಮಾನವಿಡೀ ಯಾವುದು ಕಷ್ಟವಾಗಿತ್ತೋ ಅದು ಅಷ್ಟು ಸಲೀಸಾಗಿ ಆದದ್ದನ್ನು ಕಂಡು, ಅಳುವ ಮೊದಲು ನನಗೆ ಒಂದು ಕ್ಷಣ ಸಮಾಧಾನವಾಯಿತು ಎಂಬುದನ್ನು ಮುಚ್ಚಿಡಲಾರೆ.

ಬೃಹದಾರಣ್ಯಕದಲ್ಲಿ ಯಾಜ್ಞವಲ್ಕ್ಯನು ಉದ್ದಾಲಕನಿಗೆ, ಈ ಲೋಕವನ್ನೂ ಆ ಲೋಕವನ್ನೂ ಎಲ್ಲ ಜೀವಿಗಳನ್ನೂ ಪೋಣಿಸಿರುವ ದಾರ ವಾಯುವೇ ಎಂದು ಹೇಳಿ, ಅದಕ್ಕೇ ಸತ್ತವನ ಅಂಗಗಳು ಸಡಿಲಿದವು ಎಂದು ಜನ ಹೇಳುವುದು ಎನ್ನುತ್ತಾನೆ. ಬೆಳಗಿನ ಜಾವ ಅಪ್ಪನ ಕೈಗಳನ್ನು ಎದೆಯ ಮೇಲೆ ಜೋಡಿಸಿ ಇಡುವಾಗ ಅವು ಜಾರಿ ಜಾರಿ ಪಕ್ಕಕ್ಕೆ ಬೀಳುತ್ತಿದ್ದವು.

ನಮ್ಮ ಸುತ್ತಲಿನ ಕೊಡವ ಮನೆಗಳಲ್ಲಿ ಸಾವಾದರೆ ಕೋವಿಯಿಂದ ಒಂದರ ಹಿಂದೊಂದು ಎರಡು ಗುಂಡು ಹಾರಿಸುತ್ತಾರೆ. ಕಣಿವೆಯ ಮೇಲಿಂದ ಗಾಳಿ ಆ ಸದ್ದು ತಂದಾಗಲೆಲ್ಲ ಅಪ್ಪ ಕೈಯಲ್ಲಿದ್ದ ಕೆಲಸ ಬಿಟ್ಟು ನಿಂತು, ಯಾರೆಂದು ತಿಳಿಯುವ ಮೊದಲೇ, ‘ಸೂರ್ಯಂ ಚಕ್ಷುರ್ಗಚ್ಛತು ವಾತಮಾತ್ಮಾ’ ಎನ್ನುತ್ತಿದ್ದರು. ಋಗ್ವೇದದ ಅಂತ್ಯೇಷ್ಟಿಯ ಮಂತ್ರ ಅದು. ಕಣ್ಣು ಸೂರ್ಯನಿಗೆ ಹೋಗಲಿ, ಉಸಿರು ಗಾಳಿಗೆ ಹೋಗಲಿ. ಯಾರ್ಯಾರಿಂದ ತಂದದ್ದೋ ಅವರವರಿಗೆ. ಅಂದು ತಗಡಿನ ಮಾಡಿನ ಕೆಳಗೆ, ನೆನೆದ ಸೌದೆಗೆ ತುಪ್ಪ ಸುರಿದು, ಗೆರಟೆ ಒಡ್ಡಿ ಬೆಂಕಿ ಹಿಡಿಸುವಾಗ ಅದೇ ಮಂತ್ರವನ್ನು ಪುರೋಹಿತರು ಹೇಳಿಸಿದರು. ಗಾಳಿ ಮೊದಲೆರಡು ಬಾರಿ ಬೆಂಕಿಯನ್ನು ಆರಿಸಿತು, ಮೂರನೆಯ ಬಾರಿ ಅದೇ ಹಿಡಿಸಿತು.

ವರ್ಷಾಂತಿಕ ಮುಗಿದ ಮೇಲೆ ಬಂದ ಚೌತಿಗೆ ಗಣಪತಿಯನ್ನು ನಾನೇ ಕೂರಿಸಬೇಕಾಯಿತು. ಮಣ್ಣಿನ ಮೂರ್ತಿ ದೇವರಾಗುವುದು ಪ್ರಾಣಪ್ರತಿಷ್ಠೆಯಿಂದ. ದರ್ಭೆಯಿಂದ ಅದರ ಎದೆ ಮುಟ್ಟಿ ಋಗ್ವೇದದ ಒಂದು ಋಕ್ಕು ಹೇಳಬೇಕು: ‘ಅಸುನೀತೇ ಪುನರಸ್ಮಾಸು ಚಕ್ಷುಃ ಪುನಃ ಪ್ರಾಣಮಿಹ ನೋ ಧೇಹಿ ಭೋಗಮ್’. ಜೀವವನ್ನು ನಡೆಸುವ ದೇವತೆಯೇ, ಮರಳಿ ನಮಗೆ ಕಣ್ಣನ್ನು ಕೊಡು, ಮರಳಿ ಇಲ್ಲಿ ಉಸಿರನ್ನು ಕೊಡು. ಚಿತೆಯ ಮುಂದೆ ಕೊಟ್ಟು ಕಳುಹಿಸಿದ ಅದೇ ಎರಡನ್ನು, ಕಣ್ಣು ಮತ್ತು ಉಸಿರನ್ನು, ಇಲ್ಲಿ ಮರಳಿ ಕೇಳುತ್ತಾರೆ ಎಂದು ನನಗೆ ಹೊಳೆದದ್ದು ದರ್ಭೆ ಕೈಯಲ್ಲಿ ಹಿಡಿದು ಕೂತಾಗಲೇ. ಹಿಂದಿನ ವರ್ಷ ಬಾಯಿಗೆ ಬಂದ ಮಂತ್ರದ ಬಿಸಿ ಇನ್ನೂ ಆರಿರಲಿಲ್ಲ.

ಹೊರಗೆ ಮಳೆ ಬಿಟ್ಟಿತ್ತು, ಗಾಳಿ ಬಿಟ್ಟಿರಲಿಲ್ಲ. ಮಂತ್ರ ಶುರುಮಾಡಿ ‘ಚಕ್ಷುಃ ಪುನಃ’ ಎಂದಾಗ ನಾನು ನಿಲ್ಲಿಸಿದೆ, ಒಂದು ಉಸಿರು ತೆಗೆದುಕೊಂಡೆ, ಆಮೇಲೆ ‘ಪ್ರಾಣಮಿಹ’ ಎಂದೆ. ಪಕ್ಕದಲ್ಲಿ ಹೂವಿನ ತಟ್ಟೆ ಹಿಡಿದು ಕೂತಿದ್ದ ಮಗಳು ಸಂಸ್ಕೃತದ ಪಾಠಕ್ಕೆ ಹೋಗುವವಳು. “ಅಪ್ಪಾ, ಅಲ್ಲಿ ಯಾಕೆ ನಿಲ್ಲಿಸಿದ್ದು? ಪಾದ ಮುಗಿಯುವುದು ‘ಚಕ್ಷುಃ’ ಅನ್ನುವಲ್ಲಿ,” ಎಂದಳು. ಅವಳು ಹೇಳಿದ್ದು ಸರಿ. ನಾನು ಮಂತ್ರ ಕಲಿತದ್ದು ಅಪ್ಪನ ಬಾಯಿಯಿಂದ, ಭಾದ್ರಪದದ ಥಂಡಿಯಲ್ಲಿ, ಅವರ ಉಬ್ಬಸದ ದಿನಗಳಲ್ಲಿ. ಅವರಿಗೆ ಉಸಿರು ಸಾಲದೆ ನಿಲ್ಲುತ್ತಿದ್ದ ಜಾಗ ಅದು. ನನಗೆ ಉಬ್ಬಸವಿಲ್ಲ.

“ಅಜ್ಜ ಅಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದರು,” ಎಂದೆ. ಅವಳು ತಲೆಯಾಡಿಸಿ, ತಟ್ಟೆಯನ್ನು ಕೆಳಗಿಟ್ಟು, ಇನ್ನೊಮ್ಮೆ ಹೇಳಿ ಎಂಬಂತೆ ನನ್ನ ಕಡೆ ನೋಡಿದಳು. ಮೊದಲಿನಿಂದ ಶುರುಮಾಡಿದೆ. ‘ಪುನಃ’ ಎಂಬಲ್ಲಿ ಇಬ್ಬರೂ ಒಟ್ಟಿಗೆ ನಿಲ್ಲಿಸಿದೆವು.